ಮುಳುಗಡೆಯ ಕತೆಯೂ ಗಡಿ ದಾಟಲಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದ ಹೊತ್ತಿಗೆ ಅಮೆರಿಕದಿಂದ ಅಕ್ಕನ ಮಗಳು ಸಾಗರದ ನಮ್ಮನೆಗೆ ರಜೆಗೆ ಬಂದಿದ್ದಳು. ಈಗ 14 ವರ್ಷ. ಅವಳ ಚೀಲದಲ್ಲಿ ಬಟ್ಟೆಗಿಂತ ಪುಸ್ತಕವೇ ಜಾಸ್ತಿ. ವೀರಾ ಹೀರಾನಂದಾನಿ ಅವರ ‘ದಿ ನೈಟ್ ಡೈರಿ’ ಅದರಲ್ಲೊಂದು. 2018ರಲ್ಲಿ ಬಂದ ಈ ಕಾದಂಬರಿಗೆ ಮರುವರ್ಷ, ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಆನರ್ ಗೌರವ ಸಿಕ್ಕಿತು. ದೇಶ ವಿಭಜನೆಯ ಹೊತ್ತಿನಲ್ಲಿ 12 ವರ್ಷದ ನಿಶಾ ಮನೆ ಬಿಟ್ಟು ಗಡಿ ದಾಟುತ್ತಾಳೆ. ತೀರಿಹೋದ ಅಮ್ಮನಿಗೆ ಡೈರಿಯಲ್ಲೇ ಪತ್ರ ಬರೆಯುತ್ತಾಳೆ. ಕರೆಂಟಿಲ್ಲದ ಸಂಜೆ, ಟಾರ್ಚ್ ಹಿಡಿದು ನಾನೂ ಓದಿದೆ.

“ಚಿಕ್ಕಿ, ನಮ್ಮೂರ ಬಗ್ಗೆ ಇಂಥದ್ದು ಇಲ್ವಾ?” ಎಂದಳು. ಇಲ್ಲದೆ ಏನು! ನಮ್ಮೂರಿನವರೇ ಆದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ತೆಗೆದುಕೊಟ್ಟೆ. 2011ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿತ್ತು. ಲಿಂಗನಮಕ್ಕಿ ಅಣೆಕಟ್ಟೆಯಿಂದ ಊರು ಕಳೆದುಕೊಂಡವರ ಸುದ್ದಿ ನಮಗೆ ಹೊಸದಲ್ಲ, ಅವಳಿಗೆ ಹೊಸದು. ಆದರೆ ಪಾಪ, ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ನಾನೇ ಓದಿ ಹೇಳಿದೆ.

ಇಲ್ಲಿನ ಮಕ್ಕಳ ಕತೆ ಇದರ ತಿರುಗುಮುರುಗು. ಹೈಸ್ಕೂಲಿಗೆ ಹೋಗುವ ನನ್ನ ಮಗ ನಿಶಾಳ ಕತೆಯನ್ನು ಕನ್ನಡದಲ್ಲಿ ಕೇಳಿದ. ಎಲ್ಲಿಂದ ತರಲಿ? ಲೈಬ್ರರಿಯಲ್ಲಿ ಚಿತ್ರದ ಪುಸ್ತಕದ ಕಪಾಟು ಮುಗಿದರೆ ಸೀದಾ ಪರೀಕ್ಷೆಯ ಗೈಡುಗಳು. ನಡುವಿನ ವಯಸ್ಸಿನವರು ಸುಮ್ನೆ ಮೊಬೈಲ್ ಹಿಡಿಯುತ್ತಾರೆ, ಬೈಸಿಕೊಳ್ಳುತ್ತಾರೆ. ಪ್ರಕಾಶಕರು ಎರಡೂ ಕಡೆಯಿಂದ ನಾಲ್ಕಾರು ಅನುವಾದ ಮಾಡಿಸಬಾರದೇ? ಮುಂದಿನ ರಜೆಗೆ ಅವಳು ಮತ್ತೆ ಬರುತ್ತಾಳೆ.

– ಓದುಗರೊಬ್ಬರು, ಸಾಗರ