ಹೆಂಗಸರಿಗೆ ಬಾಗಿಲು ತೆರೆದಿದ್ದ ಕಾಡಿನ ಗುಡಿ

ಪ್ರೀತಿಯ ಅಮ್ಮ,

ಫೋನಿನಲ್ಲಿ ಮಾತಾಡಿದರೆ ಊಟ ಆಯ್ತಾ, ಚಳಿ ಇದೆಯಾ ಅನ್ನುವುದರಲ್ಲೇ ಹೊತ್ತು ಮುಗಿದುಹೋಗುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು. ರಜೆ ಸಿಕ್ಕಿತ್ತು, ಜಪಾನಿನ ನಾರಾ ಪ್ರಾಂತ್ಯದ ಬೆಟ್ಟಗಳ ನಡುವೆ ಇರುವ ಮುರೋಜಿ ಅನ್ನುವ ಹಳೇ ಬೌದ್ಧ ದೇವಸ್ಥಾನಕ್ಕೆ ಹೋಗಿ ಬಂದೆ. ಅಲ್ಲಿದ್ದಷ್ಟು ಹೊತ್ತೂ ನೀನೇ ನೆನಪಾಗುತ್ತಿದ್ದೆ.

ಒಸಾಕಾದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಮುರೋಗುಚಿ-ಓನೋ ಅಂತ ಸಣ್ಣ ಸ್ಟೇಷನ್ನು, ಅಲ್ಲಿಂದ ಬಸ್ಸಿನಲ್ಲಿ ಕಾಲು ಗಂಟೆ. ಇಳಿದ ಮೇಲೆ ಹೊಳೆ ದಾಟಲು ಒಂದು ಕೆಂಪು ಸೇತುವೆ ಇದೆ, ಅದರಾಚೆ ಬರೀ ಕಾಡು. ಬಾಗಿಲ ಹತ್ತಿರ ಒಂದು ಕಲ್ಲುಕಂಬ. ಅದರ ಮೇಲೆ 'ಹೆಂಗಸರ ಕೋಯಾ' ಅಂತ ಕೆತ್ತಿದ್ದಾರೆ.

ಇದರ ಕಥೆ ಕೇಳು. ಕೋಯಾ ಅನ್ನುವುದು ಬೇರೆ ಬೆಟ್ಟ. ಕೋಬೋ ದೈಶಿ ಅನ್ನುವ ಗುರುಗಳಿಗೆ 816ರಲ್ಲಿ ಜಪಾನಿನ ಚಕ್ರವರ್ತಿ ಕೊಟ್ಟದ್ದು, ಶಿಂಗೋನ್ ಅನ್ನುವ ಬೌದ್ಧ ಪಂಥದವರಿಗೆ ಅದೇ ದೊಡ್ಡ ಕ್ಷೇತ್ರ. ಆದರೆ ಹೆಂಗಸರು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಭಕ್ತಿ ಎಷ್ಟಿದ್ದರೂ ಬೆಟ್ಟದ ಹೊರಗಿನ ದಾರಿಯಲ್ಲೇ ಸುತ್ತು ಹಾಕಿ, ದೂರದಿಂದಲೇ ಕೈಮುಗಿದು ವಾಪಸ್ ಬರಬೇಕಿತ್ತು. ಸರ್ಕಾರ ಆ ನಿಷೇಧ ತೆಗೆದದ್ದು 1872ರಲ್ಲಿ! ಆದರೆ ಅದೇ ಪಂಥದ ಮುರೋಜಿ ಹೆಂಗಸರನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ, ಅಂದರೆ ಐದನೇ ತೊಕುಗಾವಾ ಶೋಗನ್‌ನ ತಾಯಿ ಕೇಶೋಇನ್ ಇದಕ್ಕೆ ಕೈತುಂಬ ದಾನ ಕೊಟ್ಟು ಜೀರ್ಣೋದ್ಧಾರ ಮಾಡಿಸಿದಳು. ಅವಳು ತರಕಾರಿ ಮಾರುವವನ ಮಗಳು ಅಂತಲೂ ಹೇಳುತ್ತಾರೆ. ಆ ಕಂಬದ ಮುಂದೆ ನಿಂತಾಗ ನನಗೆ ಸಿಟ್ಟೂ ಬಂತು, ಸಮಾಧಾನವೂ ಆಯಿತು. ಎಷ್ಟು ದೂರದಿಂದ, ಎಷ್ಟು ಜನ ತಾಯಂದಿರು ಇಲ್ಲಿಗೆ ನಡೆದುಕೊಂಡು ಬಂದಿರಬೇಕು ಅಲ್ವಾ?

ಒಳಗೆ ಹೋದರೆ ಅಗಲವಾದ ಕಲ್ಲಿನ ಮೆಟ್ಟಿಲುಗಳು. ಒಂದೂ ಸಮವಾಗಿಲ್ಲ. ಅಕ್ಕಪಕ್ಕ ಪಾಚಿ, ಜರೀಗಿಡ. ಜೂನ್ ಅಂದರೆ ಇಲ್ಲಿ ಮಳೆಗಾಲ, ಅದಕ್ಕೇ ಜನ ಇಲ್ಲ. ಮರದ ಎಲೆಯಿಂದ ನೀರು ತೊಟ್ಟಿಕ್ಕುವುದು, ಕೆಳಗೆ ಹೊಳೆ ಹರಿಯುವುದು, ಅಷ್ಟೇ ಕೇಳಿಸುತ್ತದೆ. ಮೇಲೆ ಮುಖ್ಯ ಗುಡಿ, ಒಳಗೆ ಕತ್ತಲು. ಸಾವಿರ ವರ್ಷಕ್ಕೂ ಹಳೆಯ, ಮರದಲ್ಲಿ ಕೆತ್ತಿದ ನಿಂತ ಬುದ್ಧ. ಫೋಟೋ ತೆಗೆಯುವಂತಿಲ್ಲ, ಅದೇ ಒಳ್ಳೆಯದು, ಸುಮ್ನೆ ನೋಡುತ್ತಾ ನಿಲ್ಲಬಹುದು. ಕರುಣೆಯ ಬೋಧಿಸತ್ವ ಅನ್ನುವ ಕಾನ್ನೋನ್‌ನ ಹನ್ನೊಂದು ಮುಖದ ಮೂರ್ತಿಯನ್ನು ಈಗ ಪಕ್ಕದ ಹೊಸ ಕಟ್ಟಡದಲ್ಲಿಟ್ಟಿದ್ದಾರೆ. ದುಂಡು ಕೆನ್ನೆ, ತುಟಿಯ ಮೇಲೆ ಕೆಂಪು ಬಣ್ಣ ಇನ್ನೂ ಸ್ವಲ್ಪ ಉಳಿದಿದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಐದು ಅಂತಸ್ತಿನ ಗೋಪುರ. ಫೋಟೋದಲ್ಲಿ ನೋಡಿ ಭಾರೀ ಎತ್ತರ ಅಂದುಕೊಳ್ಳುತ್ತೇವೆ, ಇರುವುದು ಬರೀ 16 ಮೀಟರ್. ಕ್ಯೋಟೋದ ತೋಜಿ ಗೋಪುರ ಇದರ ಮೂರು ಪಟ್ಟಿಗಿಂತ ಜಾಸ್ತಿ. ಕಟ್ಟಡದೊಳಗಲ್ಲದೆ ಹೊರಗೆ ನಿಂತ ಹಳೇ ಐದಂತಸ್ತಿನ ಗೋಪುರಗಳಲ್ಲಿ ಇಡೀ ಜಪಾನಿನಲ್ಲೇ ಚಿಕ್ಕದು ಇದು. ಸುಮಾರು 800ನೇ ಇಸವಿಯ ಹೊತ್ತಿಗೆ ಕಟ್ಟಿದ್ದು. ಕೋಬೋ ದೈಶಿ ಒಂದೇ ರಾತ್ರಿಯಲ್ಲಿ ಕಟ್ಟಿದರು ಅಂತ ಕಥೆ ಇದೆ, ಅವರು ಚೀನಾದಿಂದ ಕಲಿತು ಬಂದದ್ದೇ 806ರಲ್ಲಿ, ಆದರೂ ಅದನ್ನು ನೋಡಿದಾಗ ಹಾಗೆ ಕಥೆ ಹುಟ್ಟಿದ್ದು ಸಹಜ ಅನ್ನಿಸುತ್ತದೆ. ಮಾಡಿನ ಅಂಚಿನ ಕೆಳಗೆ ನಿಂತು ನೋಡು, ಹಿನೋಕಿ ಅನ್ನುವ ಮರದ ತೊಗಟೆಯನ್ನು ಒಂದರ ಮೇಲೊಂದು ಒತ್ತಾಗಿ ಹೊದಿಸಿರುವುದು ಕಾಣುತ್ತದೆ, ಅಂಚು ಹಳೇ ಪುಸ್ತಕದ ಹಾಳೆಗಳ ಹಾಗೆ. ತುದಿಯಲ್ಲಿ, ಬೇರೆ ಗೋಪುರಗಳಲ್ಲಿ ಇರುವ ಜ್ವಾಲೆಯ ಆಕಾರ ಇಲ್ಲ. ಅದರ ಬದಲು ಒಂದು ಕಲಶ, ಮೇಲೊಂದು ಛತ್ರಿ! ಆ ಕಲಶದೊಳಗೆ ಈ ಮುರೋ ಬೆಟ್ಟದ ನಾಗರಾಜನನ್ನು ಇಟ್ಟಿದ್ದಾರೆ ಅಂತ ನಂಬಿಕೆ. ಮಳೆ ಬೇಕು ಅಂತ ಈ ಬೆಟ್ಟದಲ್ಲಿ ಹಿಂದಿನಿಂದಲೂ ಪ್ರಾರ್ಥನೆ ಮಾಡುತ್ತಿದ್ದರು.

1998ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಸುಮಾರು 50 ಮೀಟರ್ ಎತ್ತರದ ಮರವೊಂದು ಇದರ ಮೇಲೇ ಬಿತ್ತು. ಐದೂ ಅಂತಸ್ತಿನ ಮಾಡು ಒಂದು ಕಡೆ ಮುರಿದುಹೋಯಿತು. ಆದರೆ ನಡುವಿನ ಕಂಬಕ್ಕೆ ಏನೂ ಆಗಲಿಲ್ಲ. 2000ದ ಹೊತ್ತಿಗೆ ಮೊದಲಿನಂತೆ ಸರಿಮಾಡಿದರು. ಯಾವ ಕಡೆ ಮುರಿದಿತ್ತು ಅಂತ ಹುಡುಕಿದೆ, ನನಗಂತೂ ಗೊತ್ತಾಗಲಿಲ್ಲ.

ಅದರಾಚೆ ಕಡಿದಾದ ಮೆಟ್ಟಿಲು. ಕೆಳಗಿನಿಂದ ಲೆಕ್ಕ ಹಾಕಿದರೆ ಸುಮಾರು 700, ಕೊನೆಯಲ್ಲಿ ಕೋಬೋ ದೈಶಿಯ ಗುಡಿ. ನಾನು ಹತ್ತಿದೆ. ನೀನು ಹತ್ತುವುದು ಬೇಡ. ಗೋಪುರದವರೆಗೆ ಕೈ ಹಿಡಿದುಕೊಂಡು ನಿಧಾನವಾಗಿ ಹೋಗಬಹುದು, ಅಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಗೋಪುರಕ್ಕೆ ಹೋಗುವ ಮೆಟ್ಟಿಲುಗಳ ಎರಡೂ ಕಡೆ ರೋಡೋಡೆಂಡ್ರನ್ ಹೂವು ಬಿಡುತ್ತವೆ. ಆಗ ಜನ ಜಾಸ್ತಿ, ಪರವಾಗಿಲ್ಲ, ಬೆಳಗ್ಗೆ ಮೊದಲ ಬಸ್ಸಿಗೇ ಹೋಗೋಣ. ಅಪ್ಪನಿಗೆ ಹೇಳಿ ಪಾಸ್‌ಪೋರ್ಟ್ ಅರ್ಜಿ ಈಗಲೇ ಹಾಕಿಸು, ಮುಂದಿನ ವರ್ಷಕ್ಕೆ ಟಿಕೆಟ್ ನಾನು ಮಾಡುತ್ತೇನೆ.

ನಿನ್ನ ಮಗಳು