ಭಾನುವಾರ ಕಾರಿಯೊಕೋರ್‌ಗೆ ಹೋಗೋಣ

ನೈರೋಬಿಯ ಗೆಳೆಯರೇ, ನಮಸ್ಕಾರ. ಭಾನುವಾರ ಬೆಳಿಗ್ಗೆ 9ಕ್ಕೆ ಕೆನ್ಯಾಟ್ಟಾ ಅವೆನ್ಯೂದ ಅಸ್ಕರಿ (ಆಫ್ರಿಕನ್ ಸೈನಿಕರ) ಸ್ಮಾರಕದ ಹತ್ತಿರ ಸೇರೋಣ. ಅಲ್ಲಿಂದ ಕಾರಿಯೊಕೋರ್ ಮಾರ್ಕೆಟ್ಟಿಗೆ.

ಆ ಹೆಸರು ಎಲ್ಲಿಂದ ಬಂತು ಗೊತ್ತಾ? ‘ಕ್ಯಾರಿಯರ್ ಕೋರ್’ ಜನರ ಬಾಯಲ್ಲಿ ಹಾಗಾಯಿತು. ಮೊದಲ ಮಹಾಯುದ್ಧದಲ್ಲಿ ಹೊರೆಯಾಳುಗಳ ದಳ ಅದು. ಆಗ ಕೆನ್ಯಾ ಬ್ರಿಟಿಷರ ಈಸ್ಟ್ ಆಫ್ರಿಕಾ ಪ್ರೊಟೆಕ್ಟರೇಟ್, ಅಂದರೆ ಅವರ ಆಡಳಿತದ ರಕ್ಷಿತ ಪ್ರದೇಶ. 1915ರಲ್ಲಿ ಒಂದು ಕಾನೂನು ಬಂತು: ಸೈನ್ಯದ ಸಾಮಾನು ಹೊರಲು ಆಫ್ರಿಕನ್ನರನ್ನು ಬಲವಂತವಾಗಿ ಹಿಡಿದು ತರಬಹುದು. ಹಳ್ಳಿಯ ಮುಖಂಡರಿಗೆ ಇಷ್ಟು ಜನ ಬೇಕು ಅಂತ ಹುಕುಂ. 1917ರಲ್ಲಂತೂ ಊರೂರು ಖಾಲಿ ಮಾಡಿದರು.

ಆಳುಗಳೇ ಯಾಕೆ? ತ್ಸೆತ್ಸೆ ನೊಣ ಕಚ್ಚಿ ಕುದುರೆ, ಕತ್ತೆ, ಎತ್ತು ಸಾಯುತ್ತಿದ್ದವು. ಹಾಗಾಗಿ ಹಿಟ್ಟು, ಮದ್ದುಗುಂಡು ಎಲ್ಲಾ ಮನುಷ್ಯರ ತಲೆ ಮೇಲೆ. ಸಂಬಳ ಕೊಡುತ್ತಿದ್ದದ್ದು ರೂಪಾಯಿಯಲ್ಲೇ, ಆಗ ಇಲ್ಲೂ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಗುಂಡಿಗಿಂತ ಜಾಸ್ತಿ ಜನ ಸತ್ತದ್ದು ಆಮಶಂಕೆ, ಮಲೇರಿಯಾದಿಂದ. ಸಾವಿರಾರು ಮಂದಿಯ ಬಾಕಿ ಸಂಬಳ ಮನೆಯವರಿಗೆ ತಲುಪಲೇ ಇಲ್ಲ. ಇದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು.

ಸ್ಮಾರಕದಲ್ಲಿ ಮೂವರ ಕಂಚಿನ ಪ್ರತಿಮೆಗಳಿವೆ. ಅವರಲ್ಲಿ ಬಂದೂಕಿಲ್ಲದವನೇ ಹೊರೆಯಾಳು. ಹೊರೆಯಾಳುಗಳು ಸೈನ್ಯದ ಕೈಕಾಲು ಅಂತ ಕೆಳಗೆ ಬರೆದಿದೆ, ಆದರೆ ಒಬ್ಬನ ಹೆಸರೂ ಇಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಲ್ಲೋಣ.

ಮಕ್ಕಳನ್ನೂ ಕರೆತನ್ನಿ. ನೀರು, ಟೋಪಿ ಇರಲಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.