ಹತ್ತು ಸೆಕೆಂಡಿನ ಕೊಸರು

ಗೆಳೆಯಾ,

ಮೊನ್ನೆ ನೀನು ಫೋನ್ ಮಾಡಿದಾಗ ನಾನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಆಟೋದೊಳಗೆ ಬೇಯುತ್ತಿದ್ದೆ. ‘ಇರೋ ಕೆಲಸ ಬಿಡಬೇಡ ಕಣೋ’ ಅಂದು ಇಟ್ಟುಬಿಟ್ಟೆ. ಆಮೇಲೆ ಬೇಜಾರಾಯಿತು. ಡಾಕ್ಯುಮೆಂಟರಿ ಕ್ಯಾಮೆರಾ ಹಿಡಿಯಬೇಕು ಅನ್ನುವುದು ನಿನಗೆ ನಿನ್ನೆ ಮೊನ್ನೆಯ ಹುಚ್ಚಲ್ಲ ಅಲ್ವಾ. ಇರೋ ಕೆಲಸ ಬಿಟ್ಟು ಅದಕ್ಕೆ ಇಳಿಯಲಾ ಅನ್ನುವ ನಿನ್ನ ಪ್ರಶ್ನೆಯನ್ನೇ ಇನ್ನೂ ನಾಲ್ಕು ಜನ ಕೇಳಿದ್ದಾರೆ, ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಪತ್ರಿಕೆಯಲ್ಲಿದ್ದಾಗ ನನ್ನ ಕೆಲಸ ಓಟದ್ದು. ಫ್ರೀಡಂ ಪಾರ್ಕ್‌ನಲ್ಲಿ ಧರಣಿ, ಅಲ್ಲಿಂದ ವಿಧಾನಸೌಧ, ಸಂಜೆಯೊಳಗೆ ಫೋಟೋ, ಕ್ಯಾಪ್ಶನ್ ಕಳಿಸಬೇಕು. ಒಂದು ಒಳ್ಳೆ ಫ್ರೇಮ್ ಸಿಕ್ಕಿತೋ, ಸ್ಕೂಟರ್ ಕಿಕ್ ಹೊಡೆದು ಹೊರಟೆ.

ಅದೇ ಚಾಳಿ ಇಟ್ಟುಕೊಂಡು ಮೊದಲ ಡಾಕ್ಯುಮೆಂಟರಿಗೆ ಕೆ.ಆರ್. ಮಾರ್ಕೆಟ್‌ಗೆ ಹೋದೆ. ಬೆಳಗಿನ ಜಾವ ನಾಲ್ಕು ಗಂಟೆ. ಒಬ್ಬ ಅಜ್ಜಿ ಕಟ್ಟಿದ ಮಲ್ಲಿಗೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಮೊಳ ಹಾಕುತ್ತಿದ್ದರು. ಮುಖದ ಮೇಲೆ ಬೆಳಕು ಚೆನ್ನಾಗಿತ್ತು, ನಾಲ್ಕು ಸೆಕೆಂಡು ತೆಗೆದೆ, ನಿಲ್ಲಿಸಿದೆ. ನಿಲ್ಲಿಸಿದ ಮರುಕ್ಷಣ ಅಜ್ಜಿ ಗಿರಾಕಿಯ ಮುಖ ನೋಡಿ, ಏನನ್ನಿಸಿತೋ ಏನೋ, ದಾರ ಕತ್ತರಿಸದೆ ಇನ್ನೊಂದು ಗೇಣು ಎಳೆದು ಕೊಸರು ಕೊಟ್ಟರು. ಅದನ್ನು ನಾನು ಬರೀ ಕಣ್ಣಲ್ಲಿ ನೋಡಿದೆ. ಕ್ಯಾಮೆರಾದಲ್ಲಿ ಇಲ್ಲ. ಡಾಕ್ಯುಮೆಂಟರಿಯ ಎಡಿಟರ್ ಎಲ್ಲ ನೋಡಿ, ‘ಫೋಟೋಗಳು ಚೆನ್ನಾಗಿವೆ ಸಾರ್, ಆದರೆ ಇಲ್ಲಿ ಯಾರೂ ಹಿಡಿದ ಕೆಲಸ ಮುಗಿಸೋದೇ ಇಲ್ವಲ್ಲ’ ಅಂದ. ಆವತ್ತಿನಿಂದ ಮುಗಿಯಿತು ಅನ್ನಿಸಿದ ಮೇಲೂ ಹತ್ತು ಸೆಕೆಂಡು ನಿಲ್ಲುತ್ತೇನೆ. ನನಗೆ ಅದೂ ಕೊಸರೇ.

ಆವತ್ತು ಇನ್ನೊಂದು ಎಡವಟ್ಟೂ ಆಯಿತು. ಫೋಟೋ ಅಭ್ಯಾಸದಲ್ಲಿ ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು, ಸೆಕೆಂಡಿನ 1/250ರಲ್ಲೇ ಬಿಟ್ಟಿದ್ದೆ. ಹೂವಿನ ರಾಶಿಯ ಮೇಲೆಲ್ಲ ಕಪ್ಪು ಪಟ್ಟೆ ಓಡಾಡುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಜ್, ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ, ಶಟರಿಗೆ ತಿಳಿಯುತ್ತದೆ. ಸೆಕೆಂಡಿಗೆ 25 ಫ್ರೇಮು, 1/50 ಶಟರು ಇಟ್ಟರೆ ಒಂದೊಂದು ಫ್ರೇಮಿಗೂ ಎರಡು ಪೂರ್ತಿ ಮಿಣುಕು ಸಿಕ್ಕಿ ಪಟ್ಟೆ ಹೋಗುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ವಯಸ್ಸಾಯ್ತು ಅಂದೆಯಲ್ಲ, ಅದು ಸುಮ್ನೆ ನೆಪ. ನಮ್ಮ ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಕಲಿತ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರಿಗೆ 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ ಅವರಿಗೆ ಎಂಬತ್ತು ದಾಟಿತ್ತು, ಛಾಯಾಗ್ರಾಹಕರೊಬ್ಬರಿಗೆ ಅದು ಬಂದದ್ದೇ ಮೊದಲು. ಆದರೆ ನಿನಗೆ ಹತ್ತಿರ ಆಗುವವರು ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್. ಪತ್ರಿಕೆಗಳಿಗೂ ಯುನಿಸೆಫ್‌ಗೂ ಕೆಲಸ ಮಾಡಿದವರು. ಅವರು ತೆಗೆದ ಮಕ್ಕಳ ಫೋಟೋ ಹುಡುಕಿ ನೋಡು. ಯಾವ ಮಗುವೂ ಕ್ಯಾಮೆರಾಗೆ ಹೆದರಿದ ಹಾಗೆ ಕಾಣುವುದಿಲ್ಲ. ಬಂದ ಕೂಡಲೇ ಕ್ಲಿಕ್ ಮಾಡಿ ಹೊರಡುವವನಿಗೆ ಅದು ಸಿಗುವುದಿಲ್ಲ ಬಿಡು.

ದುಡ್ಡಿನ ವಿಷಯ. ಬರೀ ಡಾಕ್ಯುಮೆಂಟರಿಯಿಂದ ನನ್ನ ಮನೆ ಬಾಡಿಗೆ ಹುಟ್ಟಿಲ್ಲ. ಒಂದು ಕಡೆ ಎಂಟು ತಿಂಗಳು ಅಲೆದ ಮೇಲೆ ಅರ್ಧ ದುಡ್ಡು ಬಂತು, ಮಿಕ್ಕದ್ದು ಕೇಳುವುದನ್ನೇ ಬಿಟ್ಟೆ. ಕಂಪನಿ ವಿಡಿಯೋ, ಮದುವೆ, ನಾಮಕರಣ, ಎಲ್ಲ ಮಾಡುತ್ತೇನೆ. ಮದುವೆ ಅಂತ ಮೂಗು ಮುರಿಯಬೇಡ, ಧಾರೆ ಎರೆಯುವಾಗ ‘ಇನ್ನೊಂದ್ಸಲ ಮಾಡಿ’ ಅಂತ ಪುರೋಹಿತರಿಗೆ ಹೇಳೋಕಾಗುತ್ತಾ? ಅದಕ್ಕಿಂತ ಒಳ್ಳೆ ತರಬೇತಿ ನನಗಂತೂ ಸಿಕ್ಕಿಲ್ಲ.

ಕೆಲಸ ಈಗಲೇ ಬಿಡಬೇಡ, ಅದನ್ನು ಈಗಲೂ ಹೇಳುತ್ತೇನೆ. ಆದರೆ ಈ ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಮಾರ್ಕೆಟ್ ಬಸ್ ಸ್ಟ್ಯಾಂಡ್ ಹತ್ತಿರ ಬಾ. ನನ್ನ ಹಳೇ ಕ್ಯಾಮೆರಾ ನಿನ್ನ ಕೈಗೆ ಕೊಡುತ್ತೇನೆ, ಟೀ ನಿನ್ನ ಲೆಕ್ಕ. ಅಜ್ಜಿ ಇನ್ನೂ ಅದೇ ಜಾಗದಲ್ಲಿ ಕೂರುತ್ತಾರೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ, ನೆಲವೆಲ್ಲ ಕೊಚ್ಚೆ.

ನಿನ್ನವ